ಠಾಣೇದಾರನಿಲ್ಲದ ಕೆರೆ

ನೀರು ಚೆನ್ನಾಗಿದ್ದಷ್ಟು ದಿನ ನಾನು ಬದುಕಿದ್ದೇನೋ ಸತ್ತಿದ್ದೇನೋ ಊರಿನವರಿಗೆ ಬೇಕಾಗಿಲ್ಲ. ನಲ್ಲಿಯಲ್ಲಿ ಚೂರು ವಾಸನೆ ಬಂದರೆ ಸಾಕು, ಬೆಳಿಗ್ಗೆ ಆರಕ್ಕೆಲ್ಲ ಫೋನು. ‘ಏನ್ರೀ, ನಿಮಗೆ ಸಂಬಳ ಕೊಡೋದು ಮಲ್ಕೊಳ್ಳೋಕಾ?’ ಇಪ್ಪತ್ತೇಳು ವರ್ಷ ಈ ಮಾತು ಕೇಳಿದ್ದೇನೆ. ಊರಾಚೆಯ ದೊಡ್ಡ ಕೆರೆಯ ದಂಡೆಯಲ್ಲಿ ನೀರು ಶುದ್ಧಿ ಮಾಡುವ ಘಟಕವಿದೆ. ಅದರ ಹಿಂಬದಿಯ ಕೋಣೆ ನನ್ನದು. ಒಂದು ಮೈಕ್ರೋಸ್ಕೋಪು, ಎರಡು ಸಿಂಕು, ಒಂದು ಕಾಲು ಗಿಡ್ಡವಾದ ಸ್ಟೂಲು. ಕೆರೆಯ ನೀರನ್ನು ದಿನಾ ಬಾಟಲಿಯಲ್ಲಿ ತರಿಸಿ, ನೋಡಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ.

ನೀರು ಚೆನ್ನಾಗಿದ್ದಾಗಲೂ ಫೋನ್ ಮಾಡುತ್ತಿದ್ದವನು ಒಬ್ಬನೇ, ನನ್ನ ತಮ್ಮ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದ. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂರುತ್ತಿದ್ದದ್ದರಿಂದ ಊರಿಗೆಲ್ಲ ‘ಬ್ರೇಕ್ ಮೇಷ್ಟ್ರು’. ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಕೇಂದ್ರದಲ್ಲಿ ನಾಲ್ಕು ನಾಲ್ಕು ಗಂಟೆ ಮಲಗಬೇಕು. ನಾವು ನೀವು ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯುತ್ತೇವೆ. ಅದರಲ್ಲಿ ಏನಾದರೂ ಇದ್ದರೆ ಹೊಟ್ಟೆ ಅಷ್ಟೋ ಇಷ್ಟೋ ತಡೆಯುತ್ತದೆ. ಅವನ ರಕ್ತಕ್ಕೂ ಒಂದೊಂದು ಸಲ ಯಂತ್ರದಲ್ಲಿ ಹರಿಯುವ ನೂರಿಪ್ಪತ್ತು ಲೀಟರ್ ನೀರಿಗೂ ನಡುವೆ ಇದ್ದದ್ದು ಒಂದು ತೆಳು ಪೊರೆ. ಆ ಕೇಂದ್ರಕ್ಕೆ ಹೋಗುವುದು ನಮ್ಮದೇ ಪೈಪಿನ ನೀರು.

ಹೊರಡುವ ಮುಂಚೆ ಪ್ರತಿಸಲವೂ ಕೇಳುತ್ತಿದ್ದ. ‘ಅಕ್ಕಾ, ನಿನ್ನ ನೀರು ಹೇಗಿದೆ ಇವತ್ತು?’

‘ನಿನ್ನ ಮುಖಕ್ಕಿಂತ ಚೆನ್ನಾಗಿದೆ, ಹೋಗು’ ಅನ್ನುತ್ತಿದ್ದೆ.

ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು ನಾನು. ಅವ್ವ ಹೋದ ಮೇಲೆ ಎತ್ತಿ ಆಡಿಸಿದವಳು, ಹೊಡೆದವಳು, ಅವನಿಗೆ ಹೆಣ್ಣು ನೋಡಿದವಳು ಎಲ್ಲ ನಾನೇ. ನಾನು ಮದುವೆಯಾಗಲಿಲ್ಲ, ಅದಕ್ಕೆ ಕಾರಣ ಕೇಳಿದವರಿಗೆಲ್ಲ ಬೈದಿದ್ದೇನೆ. ಅವನಿಗಿಂತ ಹೆಚ್ಚಿನವರು ನನಗೆ ಯಾರೂ ಇರಲಿಲ್ಲ.

ಈಗ ಕೆರೆಯ ವಿಷಯ. ಆ ಕೆರೆಯಲ್ಲಿ ಒಂದು ಜಾತಿಯ ಮೀನಿತ್ತು. ಉದ್ದ ಮೈ, ಗಟ್ಟಿ ಹಲ್ಲು, ಮುಖದಲ್ಲಿ ಸದಾ ಯಾರನ್ನೋ ಒಳಗೆ ಹಾಕುವ ಸಿಡುಕು. ಘಟಕದವರು ಅದನ್ನು ‘ಠಾಣೇದಾರ’ ಎನ್ನುತ್ತಿದ್ದರು. ಚಿಕ್ಕ ಮೀನುಗಳನ್ನು, ನಮ್ಮವರ ಬಾಯಲ್ಲಿ ‘ಪೋಲಿ’ಗಳನ್ನು, ತಿಂದು ಬದುಕುವ ಮೀನು ಅದು. ನಮ್ಮಲ್ಲಿ ಒಂದು ಪದ್ಧತಿಯೂ ಇತ್ತು. ಯಾರು ನಿವೃತ್ತರಾದರೂ ಅವರಿಗೆ ಒಂದು ‘ಬಲೆ ದಿನ’. ಅವತ್ತು ಕೆರೆಗೆ ಬಲೆ ಬಿಟ್ಟು, ಬಿದ್ದದ್ದನ್ನೆಲ್ಲ ಅವರು ಮನೆಗೆ ಒಯ್ಯಬಹುದು. ಬಲೆಯ ಕಣ್ಣು ಮಾತ್ರ ದೊಡ್ಡದಿರಬೇಕು, ಮರಿಗಳು ಸಿಕ್ಕಬಾರದು ಎಂದು ಹಿಂದಿನ ಯಾರೋ ಪುಣ್ಯಾತ್ಮರು ಮಾಡಿಟ್ಟ ನಿಯಮ. ಎಂಥ ದಯೆ ನಮ್ಮದು ಎಂದು ನಾವೆಲ್ಲ ಬೀಗುತ್ತಿದ್ದೆವು. ಹಳಬರೆಲ್ಲ ಒಟ್ಟಿಗೆ ಮುದುಕರಾದರು. ನಾಲ್ಕು ವರ್ಷದಲ್ಲಿ ಹದಿನಾರು ಬಲೆ ದಿನಗಳಾದವು.

ಆ ನಾಲ್ಕೂ ವರ್ಷ ಬಿಸಿಲು ಬಿಸಿಲಾಗಿರಲಿಲ್ಲ, ಕಾದ ಕಬ್ಬಿಣವಾಗಿತ್ತು. ಚಳಿಗಾಲ ಬಂದ ಹಾಗೆ ಮಾಡಿ ಹೊರಟುಹೋಗುತ್ತಿತ್ತು. ಮೊದಲೆಲ್ಲ ಚಳಿಗಾಳಿ ಬೀಸಿದಾಗ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು, ಕೆಳಗಿನದು ಮೇಲೆ ಬಂದು, ಕೆರೆ ತನ್ನನ್ನು ತಾನೇ ಒಮ್ಮೆ ಕಲಸಿಕೊಳ್ಳುತ್ತಿತ್ತು. ಅದು ನಿಂತಿತು. ಬಿಸಿನೀರು ಮೇಲೆಯೇ ಕೂತಿತು, ತಳದಲ್ಲಿ ಉಸಿರಿಲ್ಲದೆ ಹೋಯಿತು. ತಂಪು ಹುಡುಕಿಕೊಂಡು ತಳಕ್ಕೆ ಹೋಗುವ ಠಾಣೇದಾರರು ಒಂದು ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿ ದಂಡೆಗೆ ಬಂದರು. ನಲವತ್ತೆರಡು ಎಣಿಸಿ ನಾನೇ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಅದಾದ ಮೇಲೂ ಐದು ಬಲೆ ದಿನ ನಡೆದವು. ಪದ್ಧತಿ ಅಂದರೆ ಪದ್ಧತಿ.

ನಮ್ಮ ದೋಣಿಯವನನ್ನು ಮುಳುಗಪ್ಪ ಎಂದು ಕರೆಯುವುದು ರೂಢಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ದೋಣಿಯಿಂದ ಬಿದ್ದವನು. ಈ ವರ್ಷ ನಿವೃತ್ತಿಯ, ಬಲೆ ದಿನದ ಸರದಿ ಅವನದಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಬಾಟಲಿ ಕೊಡಲು ಬಂದವನು ಬಾಗಿಲಲ್ಲೇ ನಿಂತ.

‘ಮೇಡಂ, ಎರಡು ತಿಂಗಳಿಂದ ಒಂದೇ ಒಂದು ಠಾಣೇದಾರ ಕಂಡಿಲ್ಲ. ಪೋಲಿ ಮೀನುಗಳು ಮಾತ್ರ ಲೆಕ್ಕ ಇಲ್ಲದಷ್ಟು. ಕೈ ಅದ್ದಿದ್ರೆ ಬೆರಳು ಕಚ್ತವೆ.’

‘ಠಾಣೇದಾರ ಇಲ್ಲದ ಊರಲ್ಲಿ ಪೋಲಿಗಳು ಇನ್ನೇನ್ ಮಾಡ್ತಾರೆ? ನಿನ್ನ ಬಲೆಗೆ ಏನೂ ಬೀಳಲ್ಲ ಅಂತ ಹೊಟ್ಟೆ ಉರಿ ನಿನಗೆ.’

‘ನಗಬೇಡಿ. ನೀರಿನ ಮೈ ಸರಿ ಇಲ್ಲ’ ಎಂದು ಹೋದ.

ನಕ್ಕೆ. ಆಮೇಲೆ ಗಾಜಿನ ಮೇಲೆ ಹನಿ ಹಾಕಿ ನೋಡಿದೆ. ನೀರಿನಲ್ಲಿ ಕಣ್ಣಿಗೆ ಚುಕ್ಕಿಯಷ್ಟು ಕಾಣುವ ಹುಳುಗಳಿರುತ್ತವೆ, ನೀರುಚಿಗಟ ಎನ್ನುತ್ತೇವೆ; ಕುಪ್ಪಳಿಸುತ್ತ ಇಡೀ ದಿನ ಪಾಚಿ ಮೇಯುವುದೇ ಅವುಗಳ ಕಸುಬು. ಒಂದು ಬಾಟಲಿಯಲ್ಲಿ ಮೂವತ್ತು ನಲವತ್ತು ಇರುತ್ತಿದ್ದವು. ಅವತ್ತು ಒಂದೂ ಇರಲಿಲ್ಲ. ಪೋಲಿ ಮೀನುಗಳು ಅವುಗಳನ್ನು ಗುಡಿಸಿ ತಿಂದುಹಾಕಿದ್ದವು. ಮೇಯುವವರಿಲ್ಲದ ಪಾಚಿ, ಮೇಲೆ ಬಿಸಿನೀರು. ಇದು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಲು ನನಗೆ ಇಪ್ಪತ್ತೇಳು ವರ್ಷದ ಅನುಭವ ಬೇಕಿರಲಿಲ್ಲ. ‘ನೀರುಚಿಗಟ: ಇಲ್ಲ’ ಎಂದು ಬರೆದು, ಸಹಿ ಹಾಕಿ, ರಿಜಿಸ್ಟರ್ ಮುಚ್ಚಿ ಊಟಕ್ಕೆ ಹೋದೆ.

ಮೂರು ವಾರದಲ್ಲಿ ಕೆರೆ ಹಸಿರು ಬಣ್ಣ ಕದಡಿದ ಹಾಗಾಯಿತು. ದಂಡೆಯಲ್ಲಿ ಬೆರಳು ದಪ್ಪ ಕೆನೆ. ನಲ್ಲಿಯಲ್ಲಿ ಹಸಿ ಮಣ್ಣಿನ ವಾಸನೆ, ಫೋನಿಗೆ ಬಿಡುವಿಲ್ಲ. ಅದನ್ನೆಲ್ಲ ಸಹಿಸುತ್ತಿದ್ದೆ. ಆದರೆ ಗುರುವಾರ ಡಯಾಲಿಸಿಸ್ ಕೇಂದ್ರದ ಫಿಲ್ಟರುಗಳು ಕಟ್ಟಿಕೊಂಡವು. ಹೊಸದು ಹಾಕಿದರೆ ಅರ್ಧ ಗಂಟೆಗೆ ಅದೂ ಕಟ್ಟಿತು. ನೀರು ತಿಳಿಯಾಗುವವರೆಗೆ ಯಂತ್ರ ನಡೆಸುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಇನ್ನೊಂದು ಕೇಂದ್ರ ಇರುವುದು ಏಳು ಗಂಟೆ ದೂರದ ನಗರದಲ್ಲಿ, ಅಲ್ಲಿ ಹಾಸಿಗೆ ಖಾಲಿ ಇಲ್ಲ. ಗುರುವಾರ ತಪ್ಪಿತು. ಶನಿವಾರವೂ ತಪ್ಪಿತು.

ಶನಿವಾರ ಸಂಜೆ ಅವನ ಮನೆಗೆ ಹೋದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ, ಮಲಗಿದರೆ ಉಸಿರು ಹಿಡಿಯುತ್ತಿತ್ತು. ಮುಖ ಊದಿತ್ತು. ಅವನ ಹೆಂಡತಿ ಅವನ ಪಾದ ಒತ್ತಿ ತೋರಿಸಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು.

‘ಅತ್ತಿಗೆ, ಇನ್ನೂ ಎರಡು ದಿನ ಹೀಗೇ ಆದ್ರೆ ಇವರು ಉಳಿಯಲ್ಲ. ನೀವೇ ಏನಾದ್ರೂ ಮಾಡಿ.’

‘ಅವಸರವೇ ಅಪಘಾತಕ್ಕೆ ಕಾರಣ ಕಣೇ’ ಎಂದ ತಮ್ಮ, ತಾನು ದಿನಾ ಕಲಿಸುವ ಪಾಠ ಒಪ್ಪಿಸುವವನಂತೆ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಐದು ನಿಮಿಷ ಬೇಕಾಯಿತು.

ಹಸಿರು ಕೆರೆಗೆ ನಮ್ಮಲ್ಲಿ ಒಂದೇ ಮದ್ದು: ಮೈಲುತುತ್ತ. ನೀಲಿ ಹರಳುಗಳನ್ನು ಗೋಣಿಚೀಲಕ್ಕೆ ತುಂಬಿ, ದೋಣಿಯ ಹಿಂದೆ ಕಟ್ಟಿ, ಕೆರೆಯ ತುಂಬ ಎಳೆದಾಡಿದರೆ ಎರಡು ದಿನಕ್ಕೆ ಪಾಚಿ ಸತ್ತು ನೀರು ತಿಳಿಯಾಗುತ್ತದೆ. ನನ್ನ ಕಾಲದಲ್ಲಿ ಒಂಬತ್ತು ಸಲ ಹಾಕಿಸಿದ್ದೇನೆ, ಒಂಬತ್ತು ಸಲವೂ ಊರು ಶಹಬ್ಬಾಸ್ ಅಂದಿದೆ. ಹಾಕಲು ಎಂಜಿನಿಯರ ಒಪ್ಪಿಗೆ ಮತ್ತು ನನ್ನ ಸಹಿ ಎರಡೂ ಬೇಕು.

ಎಂಜಿನಿಯರ್ ಬಂದು ಐದು ತಿಂಗಳಾಗಿತ್ತು. ಮೀಸೆ ಇನ್ನೂ ಮನಸ್ಸು ಮಾಡಿರದ ಹುಡುಗಮುಖ, ಕೈಯಲ್ಲಿ ಸದಾ ಒಂದು ಕಾಗದ. ಭಾನುವಾರ ಬೆಳಿಗ್ಗೆ ಅವನ ಕೋಣೆಗೆ ನುಗ್ಗಿದೆ.

‘ಮೇಡಂ, ಒಂದ್ನಿಮಿಷ’ ಎಂದ. ‘ಇದು ಯಾವ ಪಾಚಿ ಅಂತ ನೋಡಿದ್ರಾ? ಇದರಲ್ಲಿ ಒಂದು ಜಾತಿ ತನ್ನ ಹೊಟ್ಟೇಲೇ ವಿಷ ಇಟ್ಕೊಂಡಿರುತ್ತಂತೆ. ಬದುಕಿರೋವಾಗ ವಿಷ ಒಳಗೇ ಇರುತ್ತೆ, ಪಾಚಿ ಜೊತೆ ನಮ್ಮ ಮರಳಿನ ತೊಟ್ಟಿಯಲ್ಲಿ ಸಿಕ್ಕಿಬೀಳುತ್ತೆ. ಮೈಲುತುತ್ತ ಹಾಕಿದ್ರೆ ಎಲ್ಲಾ ಒಂದೇ ಸಲ ಒಡೆದು ನೀರಿಗೆ ಇಳಿಯುತ್ತಂತೆ. ಮರಳು ತಡೆಯಲ್ಲ, ಕ್ಲೋರಿನ್ ಹಾಕಿದ್ರೂ ಪೂರ್ತಿ ಹೋಗಲ್ಲ, ಕುದಿಸಿದ್ರೂ ಹೋಗಲ್ಲ. ಮಾದರಿ ನಗರಕ್ಕೆ ಕಳಿಸೋಣ, ಎಂಟು ದಿನದಲ್ಲಿ ಗೊತ್ತಾಗುತ್ತೆ.’

ಎಂಟು ದಿನ. ತಮ್ಮನ ಪಾದದ ಗುಳಿ ಕಣ್ಣ ಮುಂದೆ ಬಂತು.

‘ನೋಡಪ್ಪಾ, ನೀನು ತೊಟ್ಟಿಲಲ್ಲಿ ಇದ್ದಾಗ ನಾನು ಈ ಕೆರೆಗೆ ಮೈಲುತುತ್ತ ಹಾಕಿಸ್ತಿದ್ದೆ. ಪಾಚಿ ಅಂದ್ರೆ ಪಾಚಿ. ಒಂಬತ್ತು ಸಲ ಹಾಕಿಸಿದ್ದೀನಿ, ಒಂದು ಇಲಿಗೂ ಕೆಮ್ಮು ಬಂದಿಲ್ಲ. ನಿನ್ನ ಕಾಗದ ಓದ್ತಾ ಕೂತ್ರೆ ಡಯಾಲಿಸಿಸ್ ಕೇಂದ್ರದ ಹನ್ನೆರಡು ಜನ ಮೂತ್ರ ಹೋಗದೆ ಸಾಯ್ತಾರೆ. ಆ ಹನ್ನೆರಡು ಮನೆಗೂ ಹೋಗಿ ಓದಿ ಹೇಳ್ತೀಯಾ?’

ಅವನ ಕಿವಿ ಕೆಂಪಾಯಿತು. ‘ಹಾಕಿದ್ರೂ ಹತ್ತು ದಿನ ಕೆರೆಯ ನೀರು ಊರಿಗೆ ಬಿಡಬಾರದು ಅಂತಿದೆ ಮೇಡಂ.’

‘ಮೇಲಿನ ಟ್ಯಾಂಕಲ್ಲಿ ಎಷ್ಟು ದಿನದ ನೀರಿದೆ?’

‘ಒಂದೂವರೆ ದಿನದ್ದು.’

‘ಹಾಗಾದ್ರೆ ಉಳಿದ ಎಂಟೂವರೆ ದಿನ ಊರಿಗೆ ನಿನ್ನ ಕಾಗದ ಹಿಂಡಿ ಕುಡಿಸು.’

ಇದನ್ನು ಕೇಳಿ ಹೊರಗೆ ನಿಂತಿದ್ದ ಪಂಪಿನವರು ನಕ್ಕರು. ಎಂಜಿನಿಯರ್ ತಲೆ ತಗ್ಗಿಸಿ ರುಜು ಹಾಕಿದ. ನಾನೂ ಹಾಕಿದೆ. ಸತ್ಯ ಹೇಳಬೇಕು: ಗಾಜಿನ ಮೇಲೆ ಆ ಪಾಚಿಯನ್ನು ಆಗಲೇ ನೋಡಿದ್ದೆ. ಹಿಂದಿನ ಸಲಗಳದ್ದು ಉದ್ದ ದಾರದ ಹಾಗಿರುತ್ತಿತ್ತು. ಇದು ಗುಂಡು ಗುಂಡು, ಗೊಂಚಲು ಗೊಂಚಲು. ಬೇರೆ ಜಾತಿ ಎಂದು ಗೊತ್ತಾಗಿತ್ತು. ಗೊತ್ತಾದದ್ದನ್ನು ಬಾಯಿ ಬಿಟ್ಟು ಹೇಳಿದ್ದರೆ ತಮ್ಮ ಎಂಟು ದಿನ ಕಾಯಬೇಕಾಗುತ್ತಿತ್ತು. ಹೇಳಲಿಲ್ಲ.

ಮಧ್ಯಾಹ್ನ ಮುಳುಗಪ್ಪ ಚೀಲ ಕಟ್ಟಿ ಕೆರೆಯ ಉದ್ದಗಲ ದೋಣಿ ಓಡಿಸಿದ. ದೋಣಿಯ ಹಿಂದೆ ನೀಲಿ ಗೆರೆ ಬಿಚ್ಚಿಕೊಳ್ಳುತ್ತ ಹೋಯಿತು. ದಂಡೆಯಲ್ಲಿ ಕೊಡೆ ಹಿಡಿದು ನಿಂತು, ಇನ್ನೂ ಆ ಮೂಲೆಗೆ ಹೋಗು, ಈ ಮೂಲೆ ಬಿಟ್ಟೆ ಎಂದು ಕೂಗಿದವಳು ನಾನೇ.

ಮಂಗಳವಾರ ಬೆಳಿಗ್ಗೆ ನೀರು ಗಾಜಿನಂತಾಗಿತ್ತು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಂಜಿನಿಯರಿಗೆ ತೋರಿಸಿದೆ, ಏನೂ ಅನ್ನಲಿಲ್ಲ, ಬರೀ ತೋರಿಸಿದೆ. ಕೇಂದ್ರದವರಿಗೆ ನಾನೇ ಫೋನ್ ಮಾಡಿ ಯಂತ್ರ ಶುರು ಮಾಡಿ ಎಂದೆ. ಆಮೇಲೆ ತಮ್ಮನಿಗೆ.

‘ಹೊರಡು. ಎಲ್ಲರಿಗಿಂತ ಮುಂಚೆ ನಿನ್ನ ಹಾಸಿಗೆ ಹಿಡಿ.’

‘ನಮ್ಮಕ್ಕ ಅಂದ್ರೆ ಅಕ್ಕ’ ಎಂದ. ದನಿಯಲ್ಲಿ ನೀರು ತುಂಬಿಕೊಂಡ ಹಾಗಿತ್ತು. ನನಗೆ ಅಳು ಬಂತು. ಸಂತೋಷದ ಅಳು, ಹಾಳಾದದ್ದು.

ಹನ್ನೊಂದೂವರೆಗೆ ಕೆಲಸವೆಲ್ಲ ಮುಗಿದು, ಸುಮ್ಮನೆ, ಸತ್ತ ಪಾಚಿ ಹೇಗಿರುತ್ತದೆ ನೋಡೋಣ ಎಂದು ಹನಿ ಹಾಕಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಗೊಂಚಲು ಇರಲಿಲ್ಲ. ಬರೀ ಸಿಪ್ಪೆ. ಒಡೆದ, ಒಳಗೆ ಏನೂ ಇಲ್ಲದ ಸಿಪ್ಪೆಗಳು ಗಾಜಿನ ಉದ್ದಕ್ಕೂ. ಒಳಗಿದ್ದದ್ದು ಎಲ್ಲಿ ಹೋಯಿತು ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಕೇಂದ್ರಕ್ಕೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ, ಹೊರಗೆ ಓಡಿದೆ. ಎಂಜಿನಿಯರ್ ಏನು ಏನು ಎನ್ನುತ್ತ ಹಿಂದೆಯೇ ಓಡಿಬಂದ. ಅವನ ಬೈಕಿನ ಹಿಂದೆ ಕೂತು ಹೋದೆ. ಒಳಗೆ ಹನ್ನೆರಡು ಹಾಸಿಗೆಯಲ್ಲೂ ಜನ. ನರ್ಸ್ ಒಬ್ಬಳು ಬಕೆಟ್ ಹಿಡಿದು ಓಡಾಡುತ್ತಿದ್ದಳು. ಮೂವರು ವಾಂತಿ ಮಾಡುತ್ತಿದ್ದರು.

‘ನಿಲ್ಲಿಸಿ, ಎಲ್ಲಾ ಯಂತ್ರ ನಿಲ್ಲಿಸಿ!’ ಎಂದು ಕೂಗಿಕೊಂಡೆ.

‘ನಿಮ್ಮ ತಮ್ಮಂದು ಮುಗಿದು ಹತ್ತು ನಿಮಿಷ ಆಯ್ತಲ್ಲ’ ಎಂದಳು ನರ್ಸ್. ‘ಎಲ್ಲರಿಗಿಂತ ಮುಂಚೆ ಬಂದಿದ್ರು.’

ಅವನು ಹಾಸಿಗೆಯ ಅಂಚಿನಲ್ಲಿ ಹಣೆ ಒತ್ತಿಕೊಂಡು ಕೂತಿದ್ದ. ‘ಅಕ್ಕಾ, ಲೈಟ್ ಯಾಕೆ ಆರಿಸಿದ್ರು?’ ಎಂದ. ಲೈಟು ಉರಿಯುತ್ತಿತ್ತು.

ಉಳಿದವರನ್ನು ಅರ್ಧಕ್ಕೇ ಬಿಡಿಸಿದರು. ಹನ್ನೆರಡರಲ್ಲಿ ಏಳು ಜನ ಹೋದರು. ನನ್ನ ತಮ್ಮ ಪೂರ್ತಿ ನಾಲ್ಕು ಗಂಟೆ ಮಲಗಿದ್ದವನು. ಆದರೂ ಒಂಬತ್ತು ದಿನ ಜೀವ ಹಿಡಿದ. ಪಿತ್ತಜನಕಾಂಗ ಊದಿ, ಮೈ ಹಳದಿಯಾಗಿ, ವಸಡಿನಿಂದ ರಕ್ತ ಬಂದು. ದೊಡ್ಡಾಸ್ಪತ್ರೆಯ ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ಆ ಒಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಎಂಜಿನಿಯರ ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಪ್ರತಿಯೊಂದು ಸಾಲೂ ಸರಿಯಾಗಿತ್ತು.

ಏಳನೆಯ ದಿನ, ಅವನ ಹೆಂಡತಿ ಔಷಧಿ ತರಲು ಹೋದಾಗ, ಅವನಿಗೆ ಹೇಳಿದೆ. ಎಲ್ಲವನ್ನೂ. ಗೊಂಚಲು ನೋಡಿದ್ದು, ಬಾಯಿ ಮುಚ್ಚಿಕೊಂಡಿದ್ದು, ಎಂಜಿನಿಯರನ್ನು ಬೈದು ರುಜು ಹಾಕಿಸಿದ್ದು. ಬೈಯಲಿ ಎಂದು ಕಾದೆ. ಕಣ್ಣು ಪೂರ್ತಿ ಹೋಗಿತ್ತು. ಮುಖವನ್ನು ನನ್ನ ದನಿಯ ಕಡೆಗೆ ತಿರುಗಿಸಿಕೊಂಡಿದ್ದ.

ಅವನು ಹೇಳಿದ್ದು ಇಷ್ಟೇ. ‘ಅವಳಿಗೆ ಹೇಳ್ಬೇಡ.’

‘ನಿನ್ನ ಹೆಂಡತಿಗಾ?’

‘ಹ್ಞೂಂ. ನಾನು ಹೋದ್ಮೇಲೆ ಅಳೋಕೆ ಅವಳಿಗೆ ಇರೋದು ನಿನ್ನ ಹೆಗಲೊಂದೇ. ಅದನ್ನೂ ಕಿತ್ಕೋಬೇಡ.’

ನನ್ನನ್ನು ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ವಿಚಾರಣೆ. ಕಚೇರಿಯ ಸಭಾಂಗಣದಲ್ಲಿ ಕುರ್ಚಿ ಹಾಕಿ, ಸತ್ತವರ ಮನೆಯವರನ್ನೆಲ್ಲ ಕರೆಸಿದ್ದರು. ತಮ್ಮನ ಹೆಂಡತಿ ಈಗ ನನ್ನ ಜೊತೆಗೇ ಇದ್ದಳು. ಅವಳು ನಿದ್ದೆ ಹೋಗುತ್ತಿದ್ದದ್ದೇ ನನ್ನ ಕೈ ಹಿಡಿದುಕೊಂಡು. ‘ನೀವು ಅಷ್ಟು ಹೋರಾಡಿ ಕೇಂದ್ರದ ಬಾಗಿಲು ತೆಗೆಸಿದ್ರಿ ಅತ್ತಿಗೆ, ನಮ್ಮ ಹಣೆಬರಹ’ ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಆದರೂ ಬಾಯಿ ಬಿಟ್ಟಿರಲಿಲ್ಲ. ತಮ್ಮನ ಮಾತು ಅದೊಂದೇ ಉಳಿದಿತ್ತು ನನ್ನ ಹತ್ತಿರ.

ಮೇಲಿನಿಂದ ಬಂದ ಅಧಿಕಾರಿ ವರದಿ ಓದಿದರು. ಈ ವರ್ಷದ ಬಿಸಿಲು ಹಿಂದೆಂದೂ ಇರಲಿಲ್ಲ. ಬಿಸಿಲಿನಿಂದ ಪಾಚಿ ಬೆಳೆಯಿತು. ಪಾಚಿಯಲ್ಲಿ ವಿಷವಿತ್ತು. ಪ್ರಕೃತಿಯ ಮುಂದೆ ಯಾರೇನು ಮಾಡಲಾದೀತು. ಹೊಸದಾಗಿ ಬಂದ ಎಂಜಿನಿಯರಿಗೆ ಅನುಭವ ಸಾಲದಿದ್ದುದರಿಂದ ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ‘ಹಿರಿಯ ಸಿಬ್ಬಂದಿ ಇಲ್ಲಿ ಸಹಿ ಮಾಡಿದರೆ ಮುಗಿಯಿತು’ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಎಂಜಿನಿಯರ್ ಗೋಡೆಯ ಪಕ್ಕ ನಿಂತಿದ್ದ. ಅವತ್ತಿನ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ, ನನ್ನ ತಮ್ಮ ಸತ್ತಿದ್ದಕ್ಕೋ ಏನೋ. ಈಗಲೂ ನೆಲ ನೋಡುತ್ತಿದ್ದ.

ನಾನು ಎದ್ದಾಗ ತಮ್ಮನ ಹೆಂಡತಿ ನನ್ನ ಚೀಲ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬರುವವರೆಗೆ ನೋಡಿಕೊಳ್ಳಲು.

ಪೆನ್ನು ಹಿಡಿದೆ. ಬರೆಯಲು ಆಗಲಿಲ್ಲ.

‘ಬಿಸಿಲು ಮೈಲುತುತ್ತ ಹಾಕಲ್ಲ ಸಾರ್’ ಎಂದೆ. ‘ಬಿಸಿಲಿಗೆ ದೊಡ್ಡ ಮೀನು ಸತ್ತವು, ನಿಜ. ಉಳಿದವನ್ನ ನಾವು ಬಲೆ ಹಾಕಿ ಹಿಡಿದು ತಿಂದ್ವಿ, ಚಿಕ್ಕದನ್ನ ಬಿಟ್ವಿ, ಅದೇ ದಯೆ ಅಂದ್ಕೊಂಡ್ವಿ. ಚಿಕ್ಕ ಮೀನು ಚಿಗಟ ತಿಂದ್ವು, ಚಿಗಟ ಇಲ್ಲದೆ ಪಾಚಿ ಕೊಬ್ಬಿತು. ಅಷ್ಟೆಲ್ಲ ಆದ್ರೂ ವಿಷ ಪಾಚಿ ಹೊಟ್ಟೇಲೇ ಇತ್ತು. ಒಡೆದು ಹೊರಗೆ ಹಾಕಿದ್ದು ನಾನು. ಈ ಎಂಜಿನಿಯರ್ ಬೇಡ ಅಂದ, ಕಾಗದ ತೋರಿಸಿದ. ಅವನ ಮರ್ಯಾದೆ ತೆಗೆದು ರುಜು ಹಾಕಿಸಿದೆ. ಬೇರೆ ಜಾತಿ ಪಾಚಿ ಅಂತ ನನಗೆ ಗೊತ್ತಿತ್ತು. ನನ್ನ ತಮ್ಮನಿಗೆ ಉಸಿರು ಕಟ್ತಾ ಇತ್ತು ಸಾರ್, ಅದಕ್ಕೇ ಹೇಳಲಿಲ್ಲ.’

ಎಂಜಿನಿಯರ್ ತಲೆ ಎತ್ತಿ ನನ್ನನ್ನು ನೋಡಿದ. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಶಾಪ ಹಾಕಲು ಶುರು ಮಾಡಿದಳು. ಅದು ನನಗೆ ನ್ಯಾಯವಾಗಿಯೇ ಕೇಳಿಸಿತು.

ನಾನು ತಮ್ಮನ ಹೆಂಡತಿಯ ಕಡೆ ತಿರುಗಿದೆ. ಅವಳು ಅಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದಳು, ಇವಳು ಯಾರು ಎಂದು ನೆನಪು ಮಾಡಿಕೊಳ್ಳುವವಳಂತೆ. ಆಮೇಲೆ ತೊಡೆಯ ಮೇಲಿದ್ದ ನನ್ನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ನಾನು ಕೂತಿದ್ದ ಕುರ್ಚಿಯ ಮೇಲೆ ಇಟ್ಟು, ಎದ್ದು ಹೊರಗೆ ಹೋದಳು.